ನೋವು ಹೇಳಿಕೊಂಡವರನ್ನು ನಂಬೋಣ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಬಂಧುಗಳೇ,

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. 2015ರಲ್ಲಿ ನಮ್ಮ ಮಂಡ್ಯ ಜಿಲ್ಲೆ ಎಷ್ಟೋ ಕಬ್ಬು ಬೆಳೆಗಾರರನ್ನು ಆತ್ಮಹತ್ಯೆಯಿಂದ ಕಳೆದುಕೊಂಡಿತು. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದ ಗಲಭೆಯಲ್ಲಿ ಅಂಗಡಿಗಳು ಸುಟ್ಟುಹೋದವು. ಪ್ರತಿ ಸಲವೂ ಪರಿಹಾರದ ಹಣದ ಮಾತು ನಡೆಯುತ್ತದೆ. ಉಳಿದವರಿಗೆ ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳುವವರು ಕಡಿಮೆ.

ಆಘಾತ ಕಂಡ ದೇಹ ಅಪಾಯ ಕಳೆದ ಮೇಲೂ ಎಚ್ಚರದಲ್ಲೇ ಇರುತ್ತದೆ. ನಾಲೆ ಏರಿಯ ಮೇಲೆ ಬಸ್ಸು ತಿರುಗಿದೊಡನೆ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಬೆವರುವವರಿದ್ದಾರೆ. ಎದೆ ಬಿಗಿತ, ತಲೆನೋವು, ಹೊಟ್ಟೆ ಉರಿತ ಎಂದು ಆಸ್ಪತ್ರೆಗೆ ಹೋದರೆ ಇಸಿಜಿ ಸರಿಯಾಗಿರುತ್ತದೆ, "ನಿಮಗೇನೂ ಇಲ್ಲ, ಹೋಗಮ್ಮ" ಎಂಬ ಉತ್ತರ ಸಿಗುತ್ತದೆ. ಆದರೆ ಅಂಗಾಂಶಕ್ಕೆ ಪೆಟ್ಟು ಕಾಣದಿದ್ದರೂ ನೋವು ನಿಜವಿರಬಹುದು. ನೋವು ಅನುಭವಿಸುವವರ ಮಾತನ್ನು ಗೌರವಿಸಬೇಕು ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲೇ ಹೇಳಿದೆ.

ಮನೆಯವರಲ್ಲಿ ನನ್ನ ಬೇಡಿಕೆ ಇಷ್ಟು: "ಆಗಿದ್ದಾಯ್ತು, ಮರೆತುಬಿಡು" ಎನ್ನಬೇಡಿ. ನಡೆದದ್ದನ್ನು ಬಂದವರ ಮುಂದೆಲ್ಲ ಹೇಳಿಸಲೂಬೇಡಿ. ಅವರಾಗಿ ಬಾಯಿಬಿಟ್ಟಾಗ ಪಕ್ಕದಲ್ಲಿ ಕೂತು ಕೇಳಿ. ದೇವರಿಗೆ ಹರಕೆ ಹೊರುವವರು ಹೊರಲಿ, ಜೊತೆಗೆ ವೈದ್ಯರ ಹತ್ತಿರವೂ ಕರೆದೊಯ್ಯಲಿ.

ಮೇಷ್ಟರೇ, ಮೇಡಮ್ಮನವರೇ, ಚೆನ್ನಾಗಿ ಓದುತ್ತಿದ್ದ ಮಗು ಮಂಕಾದರೆ ಬೆತ್ತ ಹಿಡಿಯುವ ಮೊದಲು ಅದರ ಮನೆಯ ಕಡೆ ವಿಚಾರಿಸಿ. ವೈದ್ಯರೇ, ನರ್ಸಮ್ಮನವರೇ, ಮುಟ್ಟುವ ಮೊದಲು ಏನು ಪರೀಕ್ಷೆ, ಯಾಕೆ ಎಂದು ತಿಳಿಸಿ, ಒಪ್ಪಿಗೆ ಕೇಳಿ. ಜನರ ಸಾಲಿನ ಮುಂದೆ ರೋಗಿಯ ಕಥೆ ಹೇಳಿಸಬೇಡಿ. ಅಪಘಾತದ ಜಾಗದಲ್ಲಿರುವ ಯುವಕರೇ, ಮೊಬೈಲ್ ಜೇಬಿಗಿಟ್ಟು ನೆರವಾಗಿ. ನೀವು ತೆಗೆದ ವಿಡಿಯೊವನ್ನು ಒಂದಲ್ಲ ಒಂದು ದಿನ ಸತ್ತವರ ತಾಯಿ ನೋಡುತ್ತಾಳೆ.

ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯಲು ಯತ್ನಿಸಿ ಬದುಕಿದವರನ್ನು ಪೊಲೀಸರ ಹೆದರಿಕೆಯಿಂದ ಮನೆಯಲ್ಲೇ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣುತ್ತದೆ. ಆರೈಕೆಯನ್ನು ಸರ್ಕಾರದ ಹೊಣೆ ಎನ್ನುತ್ತದೆ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ದುರಂತ ನಡೆದ ಮನೆಗೆ ಪರಿಹಾರದ ಜೊತೆ ಆಪ್ತಸಮಾಲೋಚಕರೂ ಬರಬೇಕು, ಒಂದು ಸಲವಲ್ಲ, ತಿಂಗಳುಗಟ್ಟಲೆ ಬರಬೇಕು ಎಂದು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.