ಹೆಸರಿನ ಹಿರಿಮೆಯೂ ಆಟದ ಹಿರಿಮೆಯೂ

ಪಂದ್ಯಗಳು ಆರಂಭವಾಗುವ ಮೊದಲೇ ಇಂಥ ತಂಡ ಶ್ರೇಷ್ಠ, ಇಂಥದು ಕನಿಷ್ಠವೆಂದು ನಿರ್ಣಯಿಸುವ ಪರಿಪಾಠವು ಎಲ್ಲೆಡೆ ರೂಢವಾಗಿದೆ. ಕೀರ್ತಿಯು ಪುಕ್ಕಟೆಯಾಗಿ ದೊರೆಯುವಂಥದಲ್ಲ, ನಿಜ. 1958-59ರಿಂದ 1972-73ರವರೆಗೆ ಸತತ 15 ಸಲ ರಣಜಿ ಟ್ರೋಫಿಯನ್ನು ಗೆದ್ದ ಮುಂಬಯಿ ತಂಡದ ಕೀರ್ತಿ ಬೆವರಿನ ಗಳಿಕೆಯೇ ಸರಿ. ಆದರೆ ಆ ಕೀರ್ತಿಯು ಮರುವರ್ಷದ ಆಟವನ್ನು ಆಡಿಕೊಡಲಿಲ್ಲ. 1974ರಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕವು ಮುಂಬಯಿಯನ್ನು ಹಿಂದಿಕ್ಕಿ, ಬಳಿಕ ರಾಜಸ್ಥಾನವನ್ನು ಮಣಿಸಿ, ಪ್ರಥಮ ಬಾರಿಗೆ ಟ್ರೋಫಿಯನ್ನು ಪಡೆಯಿತು.

ದೂರದ ಮಾತೇಕೆ? ವಿಜಯಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ಅವಕಾಶಕ್ಕಾಗಿ ಕಾದಿದ್ದರು. ಅದು ದೊರೆತ ದಿನವೇ ನ್ಯೂಜಿಲೆಂಡಿನ ವಿರುದ್ಧ ಕೇವಲ 15 ಓಟಗಳಿಗೆ 5 ವಿಕೆಟ್ ಕಿತ್ತರು, ಭಾರತವು ಉಪಾಂತ್ಯಕ್ಕೇರಿತು.

ಕಳ್ಳಕವಟಗಿಯಂತಹ ಗ್ರಾಮಗಳ ಮಕ್ಕಳು ಕ್ರೀಡಾಕೂಟಕ್ಕೆ ಹೋದಾಗ, ಎದುರಾಳಿ ಶಾಲೆಯ ಹೆಸರು ಕೇಳಿಯೇ ಅರ್ಧ ಸೋಲುವುದುಂಟು. ಈ ಅಂಜಿಕೆಯನ್ನು ಬಿಡಿಸುವುದು ಗುರುಗಳ ಹೊಣೆ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಮನುಷ್ಯನನ್ನು ಹುಟ್ಟಿನಿಂದ ಅಳೆಯದೆ ನಡೆಯಿಂದ ಅಳೆದರು. ಕ್ರೀಡಾಂಗಣಕ್ಕೂ ಅದೇ ಅಳತೆಗೋಲು ಒಪ್ಪುವುದು. ಹಳೆಯ ಕೀರ್ತಿಗೆ ಗೌರವ ಸಲ್ಲಲಿ. ಸ್ಥಾನವನ್ನು ಮಾತ್ರ ಈ ವರ್ಷದ ಆಟವೇ ನಿರ್ಣಯಿಸಲಿ.