ಶಾಲು ಸಾಕು, ಸಂಬಳ ಕೊಡಿ



ಊರಿನಿಂದ ಯಾವ ಮಂತ್ರಿಗಳು ಬಂದರೂ ನಾವು ಮೈಸೂರು ಪೇಟ ತೊಡಿಸಿ, ಫೋಟೋ ತೆಗೆಸಿಕೊಂಡು, ಬಂಡವಾಳ ಹೂಡಿಕೆಯ ಭಾಷಣ ಕೇಳಿ ಕಳುಹಿಸುತ್ತೇವೆ. ಮುಂದಿನ ಸಲ ಒಂದು ಪ್ರಶ್ನೆಯನ್ನೂ ಕೇಳಬೇಕೆಂಬುದು ನಮ್ಮ, ಅಂದರೆ ಕೂಟದ ಕೆಲವು ವೈದ್ಯರ, ಒತ್ತಾಯ. ಆಶಾ ಕಾರ್ಯಕರ್ತೆಯರಿಗೆ ಸಂಬಳ ಯಾವಾಗ? ಪಿಂಚಣಿ ಯಾವಾಗ?

ಬಹಳ ಹಿಂದೆ ದೇಶ ಬಿಟ್ಟವರಿಗೆ ಈ ಹೆಸರು ಹೊಸದಿರಬಹುದು. ನಾವು ಎಂ.ಬಿ.ಬಿ.ಎಸ್. ಓದುವಾಗ ಇವರಿರಲಿಲ್ಲ, ನಾಲ್ಕಾರು ಹಳ್ಳಿಗಳಿಗೆ ಒಬ್ಬ ನರ್ಸಮ್ಮ ಕಾಲ್ನಡಿಗೆಯಲ್ಲಿ ತಿರುಗುತ್ತಿದ್ದರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸಾವಿರ ಜನಕ್ಕೊಬ್ಬರಂತೆ ಆಯಾ ಊರಿನ ಹೆಣ್ಣುಮಕ್ಕಳನ್ನೇ ಆರಿಸಿದರು. ಇಂದು ಕರ್ನಾಟಕದಲ್ಲಿ ಸುಮಾರು 42 ಸಾವಿರ ಮಂದಿ ಇದ್ದಾರೆ. ಬಸುರಿಯರ ಹೆಸರು ಬರೆಸುವುದು, ಅಪರಾತ್ರಿಯಲ್ಲಿ ನೋವು ಬಂದರೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಜೊತೆಗೆ ಹೋಗುವುದು, ಕೂಸಿಗೆ ಚುಚ್ಚುಮದ್ದು ಹಾಕಿಸುವುದು, ಕ್ಷಯರೋಗಿ ಮಾತ್ರೆ ನುಂಗಿದನೇ ಎಂದು ನೋಡುವುದು, ಮೇಲಿಂದ ಮೇಲೆ ಸಮೀಕ್ಷೆ. 2020ರ ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಮನೆಮನೆ ಬಾಗಿಲು ತಟ್ಟಿದವರೂ ಇವರೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ಕಾಗದಪತ್ರದಲ್ಲಿ ಇವರು 'ಸ್ವಯಂಸೇವಕಿಯರು'. ಕೈಗೆ ಬರುವುದಕ್ಕೆ ಸಂಬಳವೆಂಬ ಹೆಸರಿಲ್ಲ. ಒಂದಷ್ಟು ಗೌರವಧನ, ಮಿಕ್ಕದ್ದು ಕೆಲಸಕ್ಕಿಷ್ಟು ಎಂದು ಪ್ರೋತ್ಸಾಹಧನ. ಮಾಡಿದ ಕೆಲಸ ಕಂಪ್ಯೂಟರಿನಲ್ಲಿ ದಾಖಲಾಗದಿದ್ದರೆ ಆ ಹಣ ಹೋದಂತೆಯೇ ಎಂಬುದು ಅವರ ಬಹುಕಾಲದ ದೂರು. ಗೌರವಧನವೆಂಬ ಪದ ಕಂಡುಹಿಡಿದವರ ಜಾಣತನ ಮೆಚ್ಚಬೇಕು! ಗೌರವ ಕೊಟ್ಟ ಮೇಲೆ ಧನ ಕೇಳುವುದು ಒರಟುತನವಾಗಿಬಿಡುತ್ತದೆ.

2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಕೊಡಿ ಎಂದು ಮುಷ್ಕರ ಹೂಡಿದರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತ ಮೇಲೆ ಸಿಕ್ಕಿದ್ದು ಎಲ್ಲ ಸೇರಿ ಕನಿಷ್ಠ 10 ಸಾವಿರದ ಭರವಸೆ. ಅದೇ ಸರ್ಕಾರ 7ನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ತನ್ನ ಕಟ್ಟಕಡೆಯ ಕಾಯಂ ನೌಕರನಿಗೆ ಗೊತ್ತುಮಾಡಿದ ಮೂಲವೇತನ 27 ಸಾವಿರ. ಅದು ಹೆಚ್ಚಾಯಿತೆಂದು ನಾವು ಹೇಳುತ್ತಿಲ್ಲ. ಜವಾನನಿಗೆ ಬದುಕಲು ಅಷ್ಟು ಬೇಕೆಂದು ಒಪ್ಪಿದವರಿಗೆ ಈಕೆಯ ಹೊಟ್ಟೆ ಮಾತ್ರ ಚಿಕ್ಕದಾಗಿ ಕಂಡದ್ದು ಹೇಗೆ?

ಇನ್ನು ಮುಪ್ಪಿನ ಮಾತು. ಈ ದೇಶದಲ್ಲಿ 40 ಕ್ರೆಡಿಟ್, ಎಂದರೆ ಹತ್ತು ವರ್ಷದ ದುಡಿಮೆ ಸೇರಿದರೆ, ಅಂಗಡಿಯಲ್ಲಿ ಗಲ್ಲಾ ನೋಡುವವರಿಗೂ ಸೋಷಿಯಲ್ ಸೆಕ್ಯುರಿಟಿ ಸಾಯುವ ತನಕ ಬರುತ್ತದೆ. ಅಲ್ಲಿ ಹತ್ತು ವರ್ಷ ದುಡಿದು ಬಿಡುವ ಆಶಾ ಕಾರ್ಯಕರ್ತೆಗೆ ಕೇಂದ್ರ ಸರ್ಕಾರ ಕೊಡುತ್ತಿದ್ದದ್ದು ಒಂದೇ ಗಂಟಿನಲ್ಲಿ 20 ಸಾವಿರ; 2025ರಲ್ಲಿ ಅದನ್ನು 50 ಸಾವಿರಕ್ಕೆ ಏರಿಸಿದರು. ರೂಪಾಯಿ, ಡಾಲರಲ್ಲ. ಒಂದು ಕಣ್ಣಿನ ಪೊರೆ, ಒಂದು ಮೊಣಕಾಲು ಎನ್ನುವಷ್ಟರಲ್ಲಿ ಅದು ಕರಗಿರುತ್ತದೆ.

'ಬೊಕ್ಕಸದಲ್ಲಿ ದುಡ್ಡೆಲ್ಲಿದೆ?' ಎನ್ನುವವರು ನಮ್ಮಲ್ಲೂ ಇದ್ದಾರೆ. ಲೆಕ್ಕ ಹಾಕೋಣ. 42 ಸಾವಿರ ಮಂದಿಗೆ ತಿಂಗಳಿಗೆ ಐದು ಸಾವಿರ ಹೆಚ್ಚಿಸಿದರೆ ವರ್ಷಕ್ಕೆ 252 ಕೋಟಿ. ರಾಜ್ಯದ 2025-26ರ ಬಜೆಟ್ಟು 4 ಲಕ್ಷ 9 ಸಾವಿರ ಕೋಟಿ ಮೀರಿದ್ದು. ಸಾವಿರ ರೂಪಾಯಿಗೆ ಅರವತ್ತು ಪೈಸೆ ಚಿಲ್ಲರೆ!

'ಇದು ಸೇವೆ, ಸೇವೆಗೆ ಬೆಲೆ ಕಟ್ಟಬಾರದು' ಎನ್ನುವವರಿಗೆ ನಮ್ಮದೊಂದೇ ಮಾತು. ವೈದ್ಯರಾದ ನಮ್ಮ ಕೆಲಸವನ್ನೂ ಜನ ಸೇವೆಯೆಂದೇ ಕರೆಯುತ್ತಾರೆ. ನಾವು ಯಾರೂ ಬಿಲ್ ಕಳಿಸುವುದನ್ನು ಬಿಟ್ಟಿಲ್ಲ. ಅದರಲ್ಲೂ ನಮ್ಮಲ್ಲಿ ಅನೇಕರು ಸರ್ಕಾರಿ ಸೀಟಿನಲ್ಲಿ, ಆ ಹಳ್ಳಿಗಳ ತೆರಿಗೆಯಲ್ಲೇ ಓದಿ ಇಲ್ಲಿಗೆ ಬಂದವರು. ನಾವು ಖಾಲಿ ಬಿಟ್ಟ ಜಾಗದ ಕೆಲಸ ಅರ್ಧಕ್ಕರ್ಧ ಆಕೆಯ ತಲೆಯ ಮೇಲಿದೆ.

ಹಾಗಂತ ಇದು ಹೊಸ ಬೇಡಿಕೆಯೂ ಅಲ್ಲ. ಇಂಥ ಯೋಜನೆಗಳ ಕೆಲಸಗಾರರನ್ನು ಕಾರ್ಮಿಕರೆಂದೇ ಗಣಿಸಿ ಕನಿಷ್ಠ ವೇತನ ಕೊಡಬೇಕೆಂದು ಭಾರತೀಯ ಕಾರ್ಮಿಕ ಸಮ್ಮೇಳನ 2013ರಲ್ಲೇ ಹೇಳಿತ್ತು. ಅಂಗನವಾಡಿಯವರಿಗೆ ಗ್ರ್ಯಾಚುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಕೋರ್ಟು ಹತ್ತಿಸಿಯೇ ಕೊಡಿಸಬೇಕೆ?

ಮುಖ್ಯಮಂತ್ರಿಗಳಿಗೆ ಕಳಿಸುವ ಪತ್ರದ ಕರಡು ಕಾರ್ಯದರ್ಶಿಗಳ ಬಳಿ ಇದೆ. ರಾಜ್ಯೋತ್ಸವದ ದಿನ ಊಟದ ಮೇಜಿನ ಪಕ್ಕದಲ್ಲೇ ಸಹಿಗೆ ಇಟ್ಟಿರುತ್ತೇವೆ, ಹೋಳಿಗೆಗೆ ಮುಂಚೆ. ದಯವಿಟ್ಟು ಓದುವ ಕನ್ನಡಕ ಮರೆಯದೆ ತನ್ನಿ.