ವೈದ್ಯವಿದ್ಯಾರ್ಥಿಗಳೂ ಅಂಗದಾನವೂ

ಮನೆಯಲ್ಲೊಬ್ಬರು ವೈದ್ಯಶಾಸ್ತ್ರವನ್ನೋದುತ್ತಿದ್ದರೆ, ಕಾಯಿಲೆಯ ವಿಚಾರದಲ್ಲಿ ಬಂಧುಗಳು ಮೊದಲು ಅವರನ್ನೇ ಕೇಳುವುದು ವಾಡಿಕೆಯಷ್ಟೆ. ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದ ಮಗನ ಮಿದುಳು ಸತ್ತಿದೆಯೆಂದು ಆಸ್ಪತ್ರೆಯವರು ತಿಳಿಸಿ, ಅಂಗದಾನದ ಮಾತೆತ್ತಿದಾಗ, “ಎದೆ ಬಡಿಯುತ್ತಿದೆ, ಮೈ ಬೆಚ್ಚಗಿದೆ, ಸತ್ತನೆಂಬುದು ಹೇಗಪ್ಪಾ?” ಎಂದು ಹೆತ್ತವರು ಕೇಳುವುದೂ ಇವರನ್ನೇ. ದಾನವು ಶ್ರೇಷ್ಠವೆಂಬುದನ್ನು ಈ ತರುಣರು ಬಲ್ಲರು; ಈ ಪ್ರಶ್ನೆಗೆ ಉತ್ತರವನ್ನು ಎಲ್ಲರೂ ಬಲ್ಲರೆಂದು ನಮಗೆ ತೋರದು.

ಉತ್ತರವೇನೋ ಕಠಿನವಲ್ಲ. ಉಸಿರಾಟವನ್ನು ನಡೆಯಿಸುವ ಮಿದುಳುಕಾಂಡವು ನಾಶವಾದ ಮೇಲೆ, ಯಂತ್ರವು ಗಾಳಿಯೂಡುತ್ತಿರುವವರೆಗೆ ಮಾತ್ರ, ಅದೂ ಕೆಲಕಾಲ, ಹೃದಯವು ಬಡಿಯುವುದು. ಕೋಮಾವೆಂಬ ಗಾಢಮೂರ್ಛೆಯಲ್ಲಿರುವವನು ಒಂದು ವೇಳೆ ಎಚ್ಚರಗೊಂಡಾನು, ಇವನು ಎಚ್ಚರಗೊಳ್ಳನು. 1994ರ ಕಾಯಿದೆಯ ಮೇರೆಗೆ ನಾಲ್ವರು ವೈದ್ಯರ ಮಂಡಲಿಯು, ಆರು ಗಂಟೆಗೆ ಕಡಮೆಯಿಲ್ಲದ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಸಹಿಮಾಡತಕ್ಕದ್ದು. ಅಂಗವನ್ನು ಕಸಿಮಾಡುವ ವೈದ್ಯರು ಆ ಮಂಡಲಿಯಲ್ಲಿರಕೂಡದು. ಹೆತ್ತವರ ಅರ್ಧ ಸಂಶಯವು ಈ ಒಂದು ಮಾತಿನಿಂದಲೇ ತೊಲಗೀತು! ಬಂಧುಗಳು ಒಪ್ಪದಿದ್ದರೆ ಬಲವಂತವೂ ಇಲ್ಲ.

ಕಣ್ಣಿನ ಮಾತು ಬೇರೆ. ಮನೆಯಲ್ಲಿಯೇ ಎದೆಬಡಿತ ನಿಂತು ತೀರಿಕೊಂಡವರ ಕಣ್ಣನ್ನೂ ಆರು ಗಂಟೆಗಳೊಳಗೆ ದಾನಮಾಡಬಹುದು. ಅದಕ್ಕೆ ಮಂಡಲಿಯ ಗೊಡವೆಯಿಲ್ಲ. ಈ ಭೇದವನ್ನು ವಾಚಕರು, ವೈದ್ಯಶಾಲೆಗೆ ಹೋಗುತ್ತಿರುವ ತಮ್ಮ ಮಕ್ಕಳನ್ನೊಮ್ಮೆ ಕೇಳಿನೋಡಲಿ.